ಕಲ್ಯಾಣದಿಂದ ಸರಂದೀಬಿಗೆ ಎಷ್ಟು ದಿನ?

ಬೀದರ್ ಜಿಲ್ಲೆಯ ಬೇಮಳಖೇಡದಲ್ಲಿ ನಿಂತು ಸಮುದ್ರ ಯಾವ ದಿಕ್ಕಿಗೆ ಎಂದು ಕೇಳಿದರೆ ಎರಡು ಉತ್ತರ ಹೇಳಬಹುದು. ಪಶ್ಚಿಮಕ್ಕೆ ಹೋದರೆ ಕೊಂಕಣದ ಕರಾವಳಿ, ಪೂರ್ವಕ್ಕೆ ಹೋದರೆ ಆಂಧ್ರದ ಕರಾವಳಿ. ಎರಡೂ ಹೆಚ್ಚುಕಡಿಮೆ ನಾನೂರು ಕಿಲೋಮೀಟರ್. ಹಿಂದೆ ಹುಮನಾಬಾದ್ ತಾಲೂಕಿಗೆ ಸೇರಿದ್ದು ಈಗ ಚಿಟಗುಪ್ಪ ತಾಲೂಕಿನಲ್ಲಿರುವ ಈ ಊರಿನಂತೆ ಕಡಲಿನಿಂದ ದೂರ ಉಳಿದ ಊರುಗಳು ಕನ್ನಡ ನಾಡಿನಲ್ಲಿ ಹೆಚ್ಚಿಲ್ಲ. ತೊಗರಿ, ಜೋಳ, ಕಬ್ಬಿನ ಈ ಸೀಮೆಯಲ್ಲಿ ಮೊದಲ ಸಲ ಸಮುದ್ರ ದಾಟುವವರು ಸಾಮಾನ್ಯವಾಗಿ ಹಜ್ ಅಥವಾ ಉಮ್ರಾಕ್ಕೆ ಹೊರಟವರು, ಇಲ್ಲವೆ ಕೊಲ್ಲಿ ದೇಶಗಳಿಗೆ ದುಡಿಯಲು ಹೊರಟವರು. ಒಂದು ದ್ವೀಪವನ್ನು ನೋಡಿ ಬರೋಣವೆಂದು ಹೊರಡುವುದು ಈಗಿನ ಕಾಲದ ಶೋಕಿ ಎಂದೇ ನಮ್ಮಲ್ಲಿ ಹೆಚ್ಚಿನವರ ಭಾವನೆ. ಆದರೆ ಇತಿಹಾಸ ಬೇರೆಯೇ ಹೇಳುತ್ತದೆ. ಈ ಸೀಮೆಯ ಸಂತೆ, ಉರುಸು, ದರ್ಬಾರುಗಳಲ್ಲಿ ಶತಮಾನಗಳ ಹಿಂದೆಯೇ ಒಂದು ದ್ವೀಪದ ಮಾತು ನಡೆಯುತ್ತಿತ್ತು. ಅಲ್ಲಿಗೆ ಹೋಗಲು ಎಷ್ಟು ದಿನ, ಎಲ್ಲಿ ಹಡಗು ಬದಲಿಸಬೇಕು, ಅಲ್ಲಿ ನೋಡಬೇಕಾದ್ದು ಏನು ಎಂಬುದನ್ನು ಹೇಳಬಲ್ಲವರು ಬೀದರಿನ ಪೇಟೆಯಲ್ಲಿ ಇದ್ದರು. ಕನ್ನಡಿಗರು ಸಿಂಹಳ ಎಂದೂ ಅರಬರು ಸರಂದೀಬ್ ಎಂದೂ ಕರೆದ ಆ ದ್ವೀಪವೇ ಇಂದಿನ ಶ್ರೀಲಂಕಾ.

ಮಾತನ್ನು ಬಸವಕಲ್ಯಾಣದಿಂದ ಆರಂಭಿಸೋಣ. ಬೇಮಳಖೇಡದಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮೊದಲೇ ತಲುಪಬಹುದಾದ ಈ ಪಟ್ಟಣ ಹನ್ನೊಂದು, ಹನ್ನೆರಡನೆಯ ಶತಮಾನಗಳಲ್ಲಿ ಚಾಲುಕ್ಯರ ರಾಜಧಾನಿ. ಇಲ್ಲಿ ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ. ಅದೇ ಕಾಲದಲ್ಲಿ ಲಂಕೆಯಲ್ಲಿ ಮೊದಲನೆಯ ವಿಜಯಬಾಹು ಚೋಳರನ್ನು ಹೊರದಬ್ಬಿ ಪೊಲೊನ್ನರುವದಲ್ಲಿ ರಾಜ್ಯ ಕಟ್ಟಿದ್ದ. ನಡುವೆ ಚೋಳ ದೇಶ. ಚೋಳರಿಂದ ಇಬ್ಬರಿಗೂ ಕಾಟ. ಹೀಗಿರುವಾಗ ಕಲ್ಯಾಣಕ್ಕೂ ಪೊಲೊನ್ನರುವಕ್ಕೂ ಸ್ನೇಹ ಬೆಳೆದದ್ದರಲ್ಲಿ ಆಶ್ಚರ್ಯವಿಲ್ಲ.

ಲಂಕೆಯ ಪಾಲಿ ಇತಿಹಾಸ ಗ್ರಂಥ ಚೂಳವಂಸದಲ್ಲಿ ಈ ಕತೆ ಬರುತ್ತದೆ. ಕರ್ನಾಟಕದ ದೊರೆಯ ದೂತರು ಕಾಣಿಕೆ ಹೊತ್ತು ಲಂಕೆಗೆ ಬಂದರು. ಚೋಳ ದೂತರೂ ಬಂದರು. ವಿಜಯಬಾಹು ಇಬ್ಬರನ್ನೂ ಆದರಿಸಿ, ಕರ್ನಾಟಕದ ದೂತರು ಮರಳುವಾಗ ಅವರ ಜೊತೆಗೆ ತನ್ನ ಸಿಂಹಳ ದೂತರನ್ನೂ ಕಳಿಸಿದ. ಹಾದಿ ಚೋಳ ದೇಶವನ್ನು ಹಾದುಹೋಗಬೇಕಿತ್ತು. ಅಲ್ಲಿ ಚೋಳರು ಸಿಂಹಳದವರನ್ನು ಹಿಡಿದು ಮೂಗು, ಕಿವಿ ಕತ್ತರಿಸಿ ಅಟ್ಟಿದರು. ಸಿಟ್ಟಿಗೆದ್ದ ವಿಜಯಬಾಹು ತನ್ನ ಆಸ್ಥಾನದಲ್ಲಿದ್ದ ಚೋಳ ದೂತರಿಗೆ ಹೆಂಗಸರ ಬಟ್ಟೆ ತೊಡಿಸಿ ಹಿಂದಕ್ಕೆ ಕಳಿಸಿದನಂತೆ. ದಂಡೆತ್ತಿ ಹೋಗಲು ಸಜ್ಜಾದಾಗ ಅವನ ಬಳಿಯಿದ್ದ ವೇಳೈಕ್ಕಾರ ಪಡೆ ಚೋಳರ ಮೇಲೆ ಹೋಗಲು ಒಪ್ಪದೆ ತಿರುಗಿಬಿದ್ದಿತು. ಇದೆಲ್ಲ ನಡೆದದ್ದು ಸುಮಾರು 1084ರ ಹೊತ್ತಿಗೆ. ಆ ಕರ್ನಾಟಕದ ದೊರೆ ವಿಕ್ರಮಾದಿತ್ಯನೇ ಎಂದು ಇತಿಹಾಸಕಾರರು ಗುರುತಿಸುತ್ತಾರೆ.

ಮೂಗು, ಕಿವಿ ಕಳೆದುಕೊಂಡ ಆ ದೂತರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ರಾಜರಾಜರ ಸ್ನೇಹದ ಬೆಲೆ ಕೊಟ್ಟವರು ಅವರು. ಕಲ್ಯಾಣವನ್ನು ಅವರು ಕಣ್ಣಾರೆ ಕಾಣಲಿಲ್ಲ. ದ್ವೀಪಕ್ಕೂ ನಮ್ಮ ಸೀಮೆಗೂ ಇದ್ದ ಸಂಬಂಧದ ಹಳೆಯ ದಾಖಲೆಯೊಂದು ಹೀಗೆ ಅರ್ಧದಲ್ಲೇ ನಿಂತ ಪ್ರಯಾಣದ್ದು. ನೆಲದ ಹಾದಿಯಲ್ಲಿ ಹೋಗುವವನಿಗೆ ನಡುವಿನ ಅರಸನ ಕೃಪೆ ಬೇಕು. ಕಡಲಿನ ಹಾದಿಯಲ್ಲಿ ಗಾಳಿಯ ಕೃಪೆ ಸಾಕು. ಮುಂದಿನ ಶತಮಾನಗಳಲ್ಲಿ ದಖ್ಖನಿನವರು ಹೆಚ್ಚು ನೆಚ್ಚಿದ್ದು ಕಡಲನ್ನೇ.

1347ರಲ್ಲಿ ಗುಲ್ಬರ್ಗದಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾಯಿತು. ಸುಲ್ತಾನ್ ಫಿರೋಜ್ ಶಾಹ್ ಗೋವಾ ಮತ್ತು ಚೌಲ್ ಬಂದರುಗಳಿಂದ ಪ್ರತಿ ವರ್ಷ ಹಡಗುಗಳನ್ನು ಕಳಿಸಿ ದೂರದೇಶಗಳ ಸರಕನ್ನೂ ವಿದ್ವಾಂಸರನ್ನೂ ತರಿಸಿಕೊಳ್ಳುತ್ತಿದ್ದನೆಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಬಂದವರಷ್ಟೇ ಬಾರದವರ ಕತೆಯೂ ಸ್ವಾರಸ್ಯವಾಗಿದೆ. ಎರಡನೆಯ ಮುಹಮ್ಮದ್ ಶಾಹನ ಕಾಲದಲ್ಲಿ ಶೀರಾಜಿನ ಕವಿ ಹಾಫಿಜ್‌ಗೆ ಗುಲ್ಬರ್ಗದಿಂದ ಆಹ್ವಾನವೂ ಪ್ರಯಾಣದ ಹಣವೂ ಹೋಯಿತು. ಕವಿ ಹೊರಟು ಹೊರ್ಮುಜ್ ತಲುಪಿ ಹಡಗನ್ನೂ ಹತ್ತಿದರು. ಲಂಗರು ಎತ್ತುವ ಮೊದಲೇ ಬಿರುಗಾಳಿ ಎದ್ದಿತು. ಹಾಫಿಜ್ ಏನೋ ನೆಪ ಹೇಳಿ ಇಳಿದು, ಒಂದು ಗಜಲನ್ನು ಗುಲ್ಬರ್ಗಕ್ಕೆ ಕಳಿಸಿ, ತಾವು ಶೀರಾಜಿಗೆ ಮರಳಿದರು. ಇದೂ ಫಿರಿಶ್ತಾ ಹೇಳಿದ ಕತೆಯೇ. ಕಡಲನ್ನು ಮೊದಲ ಸಲ ಕಂಡವರ ಎದೆ ಹೇಗೆ ನಡುಗುತ್ತದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಬಹಮನಿಗಳು ಬೀದರಿಗೆ ರಾಜಧಾನಿ ಬದಲಿಸಿದ ಮೇಲೆ, 1470ರ ಆಸುಪಾಸಿನಲ್ಲಿ, ರಷ್ಯಾದ ತ್ವೆರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್ ಇಲ್ಲಿಗೆ ಬಂದ. ಹೊರ್ಮುಜ್ ಕಡೆಯಿಂದ ಕಡಲು ದಾಟಿ ಚೌಲ್‌ನಲ್ಲಿ ಇಳಿದ ಅವನ ಬಳಿ ಇದ್ದ ದೊಡ್ಡ ಬಂಡವಾಳವೆಂದರೆ ಒಂದು ಗಂಡು ಕುದುರೆ. ಅದನ್ನು ಇಲ್ಲಿಯವರೆಗೆ ತರಲು ನೂರು ರೂಬಲ್ ತಗುಲಿತು ಎಂದು ಲೆಕ್ಕ ಬರೆದಿದ್ದಾನೆ. ಜುನ್ನರದಲ್ಲಿ ಅಲ್ಲಿನ ಖಾನ್ ಕುದುರೆಯನ್ನು ಕಿತ್ತುಕೊಂಡು, ಇಸ್ಲಾಮ್ ಸ್ವೀಕರಿಸಿದರೆ ಕುದುರೆಯ ಜೊತೆಗೆ ಹಣವನ್ನೂ ಕೊಡುತ್ತೇನೆ ಎಂದ. ಆಗ ಖುರಾಸಾನಿನ ಒಬ್ಬ ಖ್ವಾಜಾ ಮುಹಮ್ಮದ್ ನಡುವೆ ಬಂದು, ಖಾನನ ಮನವೊಲಿಸಿ, ಕುದುರೆಯನ್ನೂ ಅವನ ಧರ್ಮವನ್ನೂ ಉಳಿಸಿಕೊಟ್ಟರು. ಧರ್ಮದ ಹೆಸರಿನಲ್ಲಿ ದಬ್ಬಾಳಿಕೆ ಮಾಡಿದವನೂ ಅದನ್ನು ತಡೆದವನೂ ಒಂದೇ ಧರ್ಮದವರು ಎಂಬುದನ್ನು ನಾವು ಮರೆಯಬಾರದು. ಇಬ್ಬರನ್ನೂ ನಿಕಿತಿನ್ ಅಷ್ಟೇ ನೇರವಾಗಿ ಬರೆದಿದ್ದಾನೆ.

ಜುನ್ನರದಿಂದ ಬೀದರಿಗೆ ಒಂದು ತಿಂಗಳ ನಡಿಗೆ. ಬೀದರಿನಲ್ಲಿ ಕುದುರೆಯನ್ನು ಮಾರಿದ. ಬಕ್ರೀದಿನ ಮೆರವಣಿಗೆಯಲ್ಲಿ ಸುಲ್ತಾನನ ಜೊತೆ ಕವಚ ತೊಟ್ಟ ಮುನ್ನೂರು ಆನೆಗಳು ಹೊರಟಿದ್ದನ್ನು ನೋಡಿದ. ಬೀದರಿನಿಂದ ಹನ್ನೆರಡು ಹರದಾರಿಯ ದೂರದಲ್ಲಿ ಶೇಖ್ ಅಲಾವುದ್ದೀನರ ಹೆಸರಿನಲ್ಲಿ ಹತ್ತು ದಿನ ನಡೆಯುವ ಜಾತ್ರೆಗೂ ಹೋದ. ಅದು ಇಂದಿನ ಆಳಂದದ ಲಾಡ್ಲೆ ಮಶಾಯಕ್ ದರ್ಗಾದ ಉರುಸೇ. ಅಲ್ಲಿಗೆ ಇಪ್ಪತ್ತು ಸಾವಿರ ಕುದುರೆಗಳು ಮಾರಾಟಕ್ಕೆ ಬರುತ್ತವೆ ಎಂದು ಅವನ ಟಿಪ್ಪಣಿ. ದೇಶದ ಮೂಲೆಮೂಲೆಯ ಸರಕು ಅಲ್ಲಿ ಸೇರುತ್ತಿತ್ತು. ಸರಕಿನ ಜೊತೆಗೆ ಸುದ್ದಿಯೂ ಸೇರುತ್ತಿತ್ತು. ಎಲ್ಲ ಸುದ್ದಿಯೂ ನಂಬುವಂಥದ್ದಲ್ಲ. ಆಳಂದದಲ್ಲಿ ರಾತ್ರಿ ಹಾರಾಡುವ ಒಂದು ಹಕ್ಕಿ ಇದೆ, ಅದನ್ನು ಕೊಲ್ಲಲು ಹೋದರೆ ಬಾಯಿಂದ ಬೆಂಕಿ ಉಗುಳುತ್ತದೆ ಎಂದು ಯಾರೋ ಹೇಳಿದ್ದನ್ನೂ ಅವನು ಬರೆದುಕೊಂಡ!

ಈ ಕೇಳಿ ಬರೆದ ಮಾತುಗಳ ನಡುವೆಯೇ ನಮಗೆ ಬೇಕಾದ ಪಟ್ಟಿ ಇದೆ. ಹೊರ್ಮುಜಿನಿಂದ ಚೀನಾದವರೆಗೆ ಯಾವ ಬಂದರಿನಿಂದ ಯಾವ ಬಂದರಿಗೆ ಎಷ್ಟು ದಿನ ಎಂದು ಅವನು ಸಾಲಾಗಿ ಎಣಿಸುತ್ತಾನೆ. ಖಂಬಾಯತಿನಿಂದ ಚೌಲ್‌ಗೆ 12 ದಿನ. ಚೌಲ್‌ನಿಂದ ದಾಭೋಳಕ್ಕೆ 6. ದಾಭೋಳದಿಂದ ಕಲ್ಲಿಕೋಟೆಗೆ 25. ಕಲ್ಲಿಕೋಟೆಯಿಂದ ಸಿಂಹಳಕ್ಕೆ 15. ಅಂದರೆ ಬೀದರಿನವನೊಬ್ಬ ದಾಭೋಳದಲ್ಲಿ ಹಡಗು ಹತ್ತಿದರೆ ನಲವತ್ತು ದಿನಕ್ಕೆ ಲಂಕೆ. ಇದು ಗಾಳಿ ಒಲಿದಾಗಿನ ಲೆಕ್ಕ. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ಬಂದರುಗಳೇ ಮುಚ್ಚಿರುತ್ತಿದ್ದವು. ನಾಲ್ಕು ತಿಂಗಳು ಹಗಲೂ ರಾತ್ರಿಯೂ ನೀರು, ಕೆಸರು ಎಂದು ನಿಕಿತಿನ್ ಗೊಣಗಿದ್ದಾನೆ. ದಖ್ಖನಿನ ಪ್ರಯಾಣಿಕ ಪಂಚಾಂಗಕ್ಕಿಂತ ಮೊದಲು ಮುಂಗಾರನ್ನು ನೋಡಬೇಕಿತ್ತು.

ಸಿಂಹಳದಲ್ಲಿ ಏನಿದೆ? ಅದೊಂದು ಸಣ್ಣದಲ್ಲದ ಬಂದರು, ಅಲ್ಲಿ ಎತ್ತರದ ಬೆಟ್ಟದ ಮೇಲೆ ಬಾಬಾ ಆದಮ್ ಇದ್ದಾರೆ, ಸುತ್ತಮುತ್ತ ಕೆಂಪು, ಸ್ಫಟಿಕ ಮೊದಲಾದ ಕಲ್ಲುಗಳು ಸಿಗುತ್ತವೆ, ಆನೆಗಳು ಹುಟ್ಟುತ್ತವೆ, ಅವನ್ನು ಮೊಳದ ಲೆಕ್ಕದಲ್ಲಿ ಮಾರುತ್ತಾರೆ. ನಿಕಿತಿನ್ ಕೊಡುವ ವಿವರ ಇಷ್ಟೇ. ‘ಬಾಬಾ ಆದಮ್’ ಎಂಬ ಮಾತನ್ನು ಗಮನಿಸಿ. ರಷ್ಯನ್ ಕ್ರೈಸ್ತನೊಬ್ಬನ ಬಾಯಲ್ಲಿ ಈ ಮಾತು ಬಂದದ್ದು ಪೇಟೆಯ ಮುಸ್ಲಿಮ್ ವರ್ತಕರಿಂದ. ಅವರು ಹೇಳಿದ ಹಾಗೆಯೇ ಅವನು ಬರೆದಿದ್ದಾನೆ. ಆನೆಯನ್ನು ಬಟ್ಟೆಯಂತೆ ಮೊಳ ಹಾಕಿ ಮಾರುವುದು ಬೆಂಕಿ ಉಗುಳುವ ಹಕ್ಕಿಯ ಜಾತಿಯ ಸುದ್ದಿ ಎಂದು ತೋರಬಹುದು. ಆದರೆ ಇದು ನಿಜ. ಅವನಿಗಿಂತ ಒಂಬೈನೂರು ವರ್ಷ ಹಿಂದೆ, ಆರನೆಯ ಶತಮಾನದ ಗ್ರೀಕ್ ವರ್ತಕ ಕಾಸ್ಮಾಸ್ ಕೂಡ ಲಂಕೆಯ ದೊರೆ ಆನೆಯ ಎತ್ತರವನ್ನು ನೆಲದಿಂದ ಮೊಳದಲ್ಲಿ ಅಳೆದು ಬೆಲೆ ಕಟ್ಟುತ್ತಾನೆಂದು ಬರೆದಿದ್ದ. ಹದಿನೇಳನೆಯ ಶತಮಾನದಲ್ಲಿ ನಮ್ಮ ನೆರೆಯ ಗೋಲ್ಕೊಂಡದ ವರ್ತಕರು ಜಾಫ್ನಾಕ್ಕೆ ಹೋಗಿ ಡಚ್ಚರಿಂದ ಆನೆ ಕೊಳ್ಳುತ್ತಿದ್ದರು. ಮೆರವಣಿಗೆಗೆ ಮುನ್ನೂರು ಆನೆ ಹೊರಡಿಸುವ ಊರಿನಲ್ಲಿ ಆನೆಯ ಬೆಲೆಯ ಸುದ್ದಿ ತಪ್ಪಾಗಿ ಹರಡುವುದು ಸುಲಭವಲ್ಲ.

ನಿಕಿತಿನ್ ಲಂಕೆಗೆ ಹೋಗಲಿಲ್ಲ. ಅವನ ಕೈ ಬರಿದಾಗುತ್ತಿತ್ತು. ಇಲ್ಲಿ ತನ್ನ ನಾಡಿಗೆ ಬೇಕಾದ ಸರಕೆಲ್ಲ ಸಿಗುತ್ತದೆಂದು ಹೇಳಿ ವರ್ತಕರು ನನಗೆ ಮೋಸ ಮಾಡಿದರು, ಮೆಣಸು ಮತ್ತು ಬಣ್ಣ ಬಿಟ್ಟರೆ ಏನೂ ಅಗ್ಗವಿಲ್ಲ, ಸುಂಕ ಜಾಸ್ತಿ, ಕಡಲಲ್ಲಿ ದರೋಡೆಕೋರರು ಬಹಳ ಎಂದು ಅವರನ್ನು ಬಾಯಿಗೆ ಬಂದಂತೆ ಬೈದಿದ್ದಾನೆ. ಪೇಟೆಯ ಮಾತನ್ನು ನಂಬಿ ಮೊದಲ ಪ್ರಯಾಣ ಹೊರಟ ಯಾರ ಸಿಟ್ಟೂ ಇಂಥದ್ದೇ.

ನಿಕಿತಿನ್ ಬೀದರಿನಲ್ಲಿ ಕಿವಿಯಿಂದ ಕೇಳಿದ ಬೆಟ್ಟವನ್ನು ಅವನಿಗಿಂತ ನೂರಿಪ್ಪತ್ತೈದು ವರ್ಷ ಮೊದಲೇ ಕಾಲಿನಿಂದ ಹತ್ತಿದವನು ಇಬ್ನ್ ಬತೂತ. ಮೊರಾಕ್ಕೋದ ತಾಂಜೀರಿನ ಈ ಪ್ರವಾಸಿ ಲಂಕೆಗೆ ಹೋಗುವ ಮೊದಲು ನಮ್ಮ ಕರಾವಳಿಯಲ್ಲಿ ಸಾಕಷ್ಟು ಓಡಾಡಿದ್ದ. ಹೊನ್ನಾವರದಲ್ಲಿ ಸುಲ್ತಾನ್ ಜಮಾಲುದ್ದೀನನ ಅತಿಥಿಯಾಗಿದ್ದಾಗ ಅವನು ಕಂಡ ಒಂದು ಸಂಗತಿಯನ್ನು ನಾವು ಎಷ್ಟು ಸಲ ಹೇಳಿದರೂ ಕಡಿಮೆಯೇ. ಆ ಊರಿನಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಮದ್ರಸಗಳಿದ್ದವು. ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲ ಎಂದು ಅರ್ಧ ಜಗತ್ತು ಸುತ್ತಿದವನೇ ಬರೆದಿದ್ದಾನೆ. ಅಲ್ಲಿನ ಹೆಂಗಸರು ಕುರ್‌ಆನ್ ಕಂಠಪಾಠ ಮಾಡಿದ್ದರು. ಅದೇ ಹೆಂಗಸರು ಹೊಲಿಯದ ಬಟ್ಟೆ, ಅಂದರೆ ಸೀರೆಯಂಥದ್ದನ್ನು ಉಡುತ್ತಿದ್ದರು. ಇವೆರಡನ್ನೂ ಅವನು ಒಂದೇ ಉಸಿರಿನಲ್ಲಿ ಹೇಳುತ್ತಾನೆ.

ಹೊನ್ನಾವರದಿಂದ ಇನ್ನೂ ತೆಂಕಣಕ್ಕೆ ಹೋಗಿ, ಕಲ್ಲಿಕೋಟೆಯಿಂದ ಮಾಲ್ದೀವ್ಸ್‌ಗೆ ಹಡಗು ಹತ್ತಿದ. ಆ ದ್ವೀಪಗಳ ಬಗ್ಗೆ ಬಹಳ ಕೇಳಿದ್ದೇ ಹೊರಡಲು ಕಾರಣ. ಅಲ್ಲಿ ಅವನನ್ನು ಖಾಜಿ ಮಾಡಿದರು. ಖಾಜಿಯಾದವನು ಸುಮ್ಮನಿರಲಿಲ್ಲ. ಸೊಂಟದಿಂದ ಕೆಳಗೆ ಮಾತ್ರ ಬಟ್ಟೆ ಉಡುತ್ತಿದ್ದ ದ್ವೀಪದ ಹೆಂಗಸರಿಗೆ ಮೈತುಂಬ ಉಡುವಂತೆ ಆಜ್ಞೆ ಮಾಡಿದ. ಯಾರೂ ಕೇಳಲಿಲ್ಲ. ಕೊನೆಗೆ ನನ್ನ ನ್ಯಾಯಸಭೆಗೆ ಬರುವಾಗಲಾದರೂ ಮೈ ಮುಚ್ಚಿಕೊಳ್ಳಲಿ ಎಂಬಲ್ಲಿಗೆ ಖಾಜಿ ಸಾಹೇಬರ ಆಜ್ಞೆ ಇಳಿಯಿತು. ಅವರೂ ಮುಸ್ಲಿಮರೇ, ಇವನೂ ಮುಸ್ಲಿಮನೇ. ಬಂದ ಊರಿನ ನಡೆಯನ್ನು ನೋಡಿ ಕಲಿಯುವ ಮೊದಲೇ ತಿದ್ದಲು ಹೊರಟರೆ ಆಗುವುದು ಇದೇ. ಅಲ್ಲಿನ ಮಂತ್ರಿಗಳೊಡನೆಯೂ ಮನಸ್ತಾಪ ಬಂದು, 1344ರಲ್ಲಿ ಮಾಲ್ದೀವ್ಸ್ ಬಿಟ್ಟ.

ಮೂರು ದಿನದ ಹಾದಿ ಒಂಬತ್ತು ದಿನ ಹಿಡಿಯಿತು. ಒಂಬತ್ತನೆಯ ದಿನ ಆಕಾಶಕ್ಕೆ ಎದ್ದ ಹೊಗೆಯ ಕಂಬದ ಹಾಗೆ ಸರಂದೀಬಿನ ಬೆಟ್ಟ ಕಾಣಿಸಿತು. ಆದರೆ ಹಡಗಿನವರು ದಡಕ್ಕೆ ಹೋಗಲು ಹೆದರಿದರು. ಇದು ಆರ್ಯ ಚಕ್ರವರ್ತಿಯ ಸೀಮೆ, ಅವನು ಕ್ರೂರಿ, ಅವನ ಹಡಗುಗಳು ಕಡಲಲ್ಲಿ ದರೋಡೆ ಮಾಡುತ್ತವೆ ಎಂದರು. ಗಾಳಿ ಜೋರಾಗಿ ಬೇರೆ ದಾರಿಯಿರಲಿಲ್ಲ. ನನ್ನನ್ನು ಇಳಿಸಿ, ನಾನೇ ಅಭಯ ಪಡೆದು ಬರುತ್ತೇನೆ ಎಂದು ಇಬ್ನ್ ಬತೂತ ಇಳಿದ. ಆ ‘ಕ್ರೂರಿ’ ದೊರೆ ಎದ್ದು ಬಂದು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿಸಿದ. ದೊರೆಗೆ ಫಾರ್ಸಿ ತಿಳಿಯುತ್ತಿತ್ತು. ಅವನ ಬಂದರಿಗೆ ಬರುವ ವರ್ತಕರ ಭಾಷೆ ಅದು. ಮುಂದೆ ಬೀದರಿನ ದರ್ಬಾರಿನ ಭಾಷೆಯೂ ಅದೇ ಆಯಿತು. ಮುತ್ತಿನ ರಾಶಿ ತೋರಿಸಿ ಏನು ಬೇಕೆಂದು ದೊರೆ ಕೇಳಿದಾಗ ಪ್ರವಾಸಿ ಬೇಡಿದ್ದು ಹಜ್ರತ್ ಆದಮರ ಪಾದದ ದರ್ಶನಕ್ಕೆ ದಾರಿಯನ್ನು.

ಇಲ್ಲಿ ಒಂದು ಮಾತು ಹೇಳಬೇಕು. ಆದಮರು (ಅ) ಸ್ವರ್ಗದಿಂದ ಭೂಮಿಯ ಯಾವ ಜಾಗಕ್ಕೆ ಇಳಿದರೆಂದು ಕುರ್‌ಆನ್ ಹೇಳುವುದಿಲ್ಲ. ಸರಂದೀಬಿನ ಬೆಟ್ಟವೆಂಬುದು ಹಳೆಯ ಕಥನಗಳಿಂದ ಬಂದ ನಂಬಿಕೆ. ಬೆಟ್ಟದ ತುದಿಯ ಬಂಡೆಯಲ್ಲಿರುವ ಅದೇ ಗುರುತನ್ನು ಬೌದ್ಧರು ಬುದ್ಧನ ಪಾದವೆಂದು ಶ್ರೀಪಾದ ಎಂದು ಕರೆಯುತ್ತಾರೆ. ತಮಿಳು ಶೈವರಿಗೆ ಅದು ಶಿವನ ಪಾದ, ಬೆಟ್ಟದ ಹೆಸರು ಶಿವನೊಳಿಪಾದ ಮಲೆ. ಕ್ರೈಸ್ತರಲ್ಲಿ ಕೆಲವರು ಸಂತ ತೋಮಾರ ಪಾದವೆನ್ನುತ್ತಾರೆ. 2,243 ಮೀಟರ್ ಎತ್ತರದ ಬೆಟ್ಟದ ನೆತ್ತಿಯಲ್ಲಿ ಒಂದು ಗುರುತು, ನಾಲ್ಕು ಹೆಸರು.

ಆರ್ಯ ಚಕ್ರವರ್ತಿ ತನ್ನ ಮುಸ್ಲಿಮ್ ಅತಿಥಿಯ ಜೊತೆಗೆ ಕಳಿಸಿದ ತಂಡ ಹೀಗಿತ್ತು: ಪ್ರತಿ ವರ್ಷ ಪಾದಯಾತ್ರೆ ಮಾಡುವ ನಾಲ್ವರು ಜೋಗಿಗಳು, ಮೂವರು ಬ್ರಾಹ್ಮಣರು, ಆಸ್ಥಾನದ ಹತ್ತು ಮಂದಿ, ದಿನಸಿ ಹೊರಲು ಹದಿನೈದು ಮಂದಿ. ಹೊತ್ತೊಯ್ಯಲು ಪಲ್ಲಕ್ಕಿ ಬೇರೆ. ಬೆಟ್ಟಕ್ಕೆ ಎರಡು ದಾರಿ. ಒಂದು ಬಾಬಾನದು, ಒಂದು ಮಾಮಾನದು, ಅಂದರೆ ಆದಮ್ ಮತ್ತು ಹವ್ವಾರದು. ಹವ್ವಾರ ದಾರಿ ಸಲೀಸು. ಆದರೆ ಅದರಲ್ಲಿ ಹತ್ತಿದವನ ಯಾತ್ರೆ ಲೆಕ್ಕಕ್ಕಿಲ್ಲ, ಇಳಿಯಲು ಮಾತ್ರ ಅದು. ಬಾಬಾನ ದಾರಿ ಕಡಿದು. ಹಿಡಿದು ಹತ್ತಲು ಹತ್ತು ಕಬ್ಬಿಣದ ಸರಪಳಿಗಳಿದ್ದವು. ಹತ್ತನೆಯದಕ್ಕೆ ಕಲಿಮಾದ ಸರಪಳಿ ಎಂದು ಹೆಸರು. ಅಲ್ಲಿ ನಿಂತು ಕೆಳಗೆ ನೋಡಿದವನು ಬಿದ್ದೇ ಹೋದೆನೆಂಬ ದಿಗಿಲಿನಲ್ಲಿ ಕಲಿಮಾ ಹೇಳುತ್ತಾನೆಂದು ಆ ಹೆಸರು! ಪಾದದ ಉದ್ದ ಹನ್ನೊಂದು ಗೇಣು. ಹೆಬ್ಬೆರಳಿನ ಜಾಗವನ್ನು ಹಿಂದೆ ಯಾವಾಗಲೋ ಚೀನಾದವರು ಕೆತ್ತಿಕೊಂಡು ಹೋಗಿ ತಮ್ಮೂರಿನ ಗುಡಿಯಲ್ಲಿ ಇಟ್ಟಿದ್ದಾರೆಂದು ಅಲ್ಲಿನವರು ಹೇಳಿದರಂತೆ. ಬಂಡೆಯ ಕುಳಿಗಳಲ್ಲಿ ಯಾತ್ರಿಕರು ಹಾಕಿದ ಚಿನ್ನ, ಹರಳುಗಳನ್ನು ಫಕೀರರು ತೆಗೆದುಕೊಳ್ಳುತ್ತಿದ್ದರು. ತಾವೂ ಇದ್ದುದನ್ನು ಹಾಕಿದೆವು ಎನ್ನುತ್ತಾನೆ. ಮೂರು ದಿನ ಅಲ್ಲಿಯೇ ಇದ್ದು, ಬೆಳಿಗ್ಗೆ ಸಂಜೆ ಪಾದದ ಬಳಿಗೆ ಹೋಗಿಬರುವುದು ವಾಡಿಕೆ.

ಶೀರಾಜಿನ ಸೂಫಿ ಶೇಖ್ ಇಬ್ನ್ ಖಫೀಫರಿಂದ ಈ ಯಾತ್ರೆಯ ದಾರಿ ತೆರೆಯಿತೆಂದು ಅವನು ಕೇಳಿ ತಿಳಿದ. ಆ ಶೇಖರ ಮೇಲಿನ ಗೌರವದಿಂದ ದ್ವೀಪದ ಮುಸ್ಲಿಮೇತರರು ಮುಸ್ಲಿಮ್ ಫಕೀರರನ್ನು ಮನೆಯೊಳಗೆ ಕರೆದು ಹೆಂಡತಿ ಮಕ್ಕಳ ನಡುವೆ ಊಟಕ್ಕೆ ಕೂರಿಸುತ್ತಾರೆ, ಹಿಂದುಸ್ತಾನದಲ್ಲಿ ಹೀಗಿಲ್ಲ ಎಂದು ಸೇರಿಸುತ್ತಾನೆ. ಮುಟ್ಟು ಮೈಲಿಗೆಯ ನಮ್ಮ ನಾಡನ್ನು ಹೊರಗಿನವನ ಕಣ್ಣು ಹೀಗೆ ಅಳೆದಿದೆ.

ಲಂಕೆಗೆ ಹೋದವರು ಕೊಲಂಬೋದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಒಂದು ಕಲ್ಲನ್ನು ತಪ್ಪದೆ ನೋಡಬೇಕು. 1911ರಲ್ಲಿ ಗಾಲೆ ಪಟ್ಟಣದಲ್ಲಿ ಮೋರಿಯ ಮುಚ್ಚುಗಲ್ಲಾಗಿ ಬಿದ್ದಿದ್ದ ಶಾಸನ ಅದು. ಚೀನಾದ ನೌಕಾಧಿಪತಿ ಝೆಂಗ್ ಹೆ ತರಿಸಿ ನಿಲ್ಲಿಸಿದ್ದು, ಅದರಲ್ಲಿನ ತೇದಿ 1409ರದ್ದು. ಝೆಂಗ್ ಹೆ ಯುನ್ನಾನಿನ ಮುಸ್ಲಿಮ್ ಮನೆತನದಲ್ಲಿ ಹುಟ್ಟಿದವನು. ಕಲ್ಲಿನಲ್ಲಿ ಮೂರು ಭಾಷೆಗಳಿವೆ. ಚೀನಿಯಲ್ಲಿ ಬುದ್ಧನಿಗೆ ಕಾಣಿಕೆ, ತಮಿಳಿನಲ್ಲಿ ತೆನವರೈ ನಾಯನಾರ್ ಎಂಬ ವಿಷ್ಣುವಿಗೆ ಕಾಣಿಕೆ, ಫಾರ್ಸಿಯಲ್ಲಿ ಅಲ್ಲಾಹನ ಹೆಸರಿನಲ್ಲಿ ಕಾಣಿಕೆ. ಚಿನ್ನ, ಬೆಳ್ಳಿ, ರೇಷ್ಮೆ ಎಲ್ಲವೂ ಮೂವರಿಗೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ. ಇದನ್ನು ಸರ್ವಧರ್ಮ ಸಮಭಾವದ ಶಾಸನವೆಂದು ಹಾಡಿಹೊಗಳುವುದು ಸುಲಭ. ಆದರೆ ಕಲ್ಲಿನ ತೇದಿಯಿಂದ ಎರಡೇ ವರ್ಷದಲ್ಲಿ, 1411ರಲ್ಲಿ, ಇದೇ ಝೆಂಗ್ ಹೆ ಲಂಕೆಯಲ್ಲಿ ಯುದ್ಧ ಮಾಡಿ ಅಲ್ಲಿನ ಅರಸನನ್ನು ಸೆರೆಹಿಡಿದು ಚೀನಾಕ್ಕೆ ಒಯ್ದ. ಆ ಕಲ್ಲು ವ್ಯಾಪಾರಿಯ ಜಾಣತನವೂ ಹೌದು. ಬಂದರಿನಲ್ಲಿ ಮೂರು ಬಗೆಯ ಜನರಿದ್ದರು, ಮೂವರೂ ಬೇಕಾಗಿದ್ದರು. ಆ ಬಂದರಿನಲ್ಲಿ ಫಾರ್ಸಿ ಓದುವವರು ಸಾಕಷ್ಟು ಇದ್ದರೆಂಬುದಕ್ಕೆ ಅದೇ ಕಲ್ಲು ಪುರಾವೆ.

ಜೋಗಿಗಳ ಜೊತೆ ಬೆಟ್ಟ ಹತ್ತಿದ ಮುಸ್ಲಿಮ್ ಯಾತ್ರಿಕನ ಚಿತ್ರ ಬೀದರ್ ಸೀಮೆಯವರಿಗೆ ಹೊಸದಾಗಿ ಕಾಣುವುದಿಲ್ಲ. ಬೀದರಿಗೆ ಹತ್ತಿರದ ಅಷ್ಟೂರಿನಲ್ಲಿ 1436ರಲ್ಲಿ ತೀರಿಕೊಂಡ ಸುಲ್ತಾನ್ ಅಹ್ಮದ್ ಶಾಹ್ ವಲಿಯ ಗೋರಿ ಇದೆ. ಅವನ ಉರುಸಿಗೆ ಪ್ರತಿ ವರ್ಷ ಆಳಂದ ತಾಲೂಕಿನ ಮಾಡ್ಯಾಳದಿಂದ ಜಂಗಮರು ತಮ್ಮ ಪರಿವಾರದೊಂದಿಗೆ ನಡೆದು ಬರುತ್ತಾರೆ. ಅವರು ಬಾರದೆ ಉರುಸು ಕಳೆಕಟ್ಟುವುದಿಲ್ಲ. ಲಿಂಗಾಯತರಿಗೆ ಆ ಸುಲ್ತಾನ ಅಲ್ಲಮಪ್ರಭು. ಹುಮನಾಬಾದಿನ ಮಾಣಿಕನಗರದಲ್ಲಿ ಮಾಣಿಕಪ್ರಭುಗಳು (1817-1865) ಕಟ್ಟಿದ ಪಂಥದ ಹೆಸರೇ ಸಕಲಮತ. ಬೇಮಳಖೇಡದವರು ಸಂತೆ, ಕಚೇರಿಗೆಂದು ಹೋಗುವ ಊರು ಹುಮನಾಬಾದ್. ಆದಮರ ಬೆಟ್ಟವನ್ನು ಅರ್ಥ ಮಾಡಿಕೊಳ್ಳಲು ಅವರಿಗೆ ಬೇರೆ ಪುಸ್ತಕ ಬೇಕಿಲ್ಲ.

ಹಾಗೆಂದು ಕಣ್ಣು ಮುಚ್ಚಿಕೊಳ್ಳುವಂತಿಲ್ಲ. ನಿಕಿತಿನ್ ಕುದುರೆಗಳನ್ನು ಎಣಿಸಿದ ಅದೇ ಆಳಂದದ ದರ್ಗಾದಲ್ಲಿ 2022ರ ಶಿವರಾತ್ರಿಯಂದು ಗಲಾಟೆಯಾಯಿತು. ಆ ಬಳಿಕ ಎಷ್ಟು ಮಂದಿ ಯಾವ ಗಂಟೆಗೆ ಒಳಗೆ ಹೋಗಬೇಕೆಂಬುದನ್ನು ನ್ಯಾಯಾಲಯ ಹೇಳಬೇಕಾಗಿ ಬಂತು. ಬಾಬಾಬುಡನ್‌ಗಿರಿಯ ಕತೆ ನಮ್ಮ ಓದುಗರಿಗೆ ಮತ್ತೆ ಹೇಳಬೇಕಾಗಿಲ್ಲ. ಲಂಕೆಯಲ್ಲಿಯೂ ಇದರದೇ ನೆರಳು ಇದೆ. ಬಾಲಂಗೊಡದ ಹತ್ತಿರ ಕೂರಗಲ ಎಂಬ ಬಂಡೆಬೆಟ್ಟದಲ್ಲಿ ‘ದಫ್ತರ್ ಜೈಲಾನಿ’ ಎಂಬ ಸೂಫಿ ಸ್ಥಾನವಿದೆ. ಶೇಖ್ ಅಬ್ದುಲ್ ಖಾದಿರ್ ಜೀಲಾನಿ ಆದಮರ ಪಾದದ ಯಾತ್ರೆಗೆ ಬಂದಾಗ ಅಲ್ಲಿ ತಂಗಿದ್ದರೆಂದು ಅಲ್ಲಿನ ಮುಸ್ಲಿಮರ ನಂಬಿಕೆ. ಅದು ಪ್ರಾಚೀನ ಬೌದ್ಧ ವಿಹಾರದ ಜಾಗ, ಅದನ್ನು ತೆರವು ಮಾಡಿ ಎಂದು 2013ರಲ್ಲಿ ಬೋದು ಬಲ ಸೇನಾ ಬೀದಿಗಿಳಿಯಿತು. ಹೆಸರುಗಳನ್ನು ಬದಲಿಸಿದರೆ ಚಿಕ್ಕಮಗಳೂರಿನ ವರದಿ ಓದಿದಂತೆಯೇ ಆಗುತ್ತದೆ.

2012ರ ಜನಗಣತಿಯಂತೆ ಲಂಕೆಯಲ್ಲಿ ನೂರಕ್ಕೆ ಹತ್ತರಷ್ಟು ಮಂದಿ ಮುಸ್ಲಿಮರು. ಅವರಲ್ಲಿ ಹೆಚ್ಚಿನವರ ಮನೆಮಾತು ತಮಿಳು. 1983ರ ಜುಲೈಯಲ್ಲಿ ತಮಿಳರ ಮೇಲೆ ನಡೆದ ಹಿಂಸೆ, ನಂತರದ ಯುದ್ಧ, 1990ರ ಆಗಸ್ಟ್‌ನಲ್ಲಿ ಕಾತ್ತಾನ್‌ಕುಡಿಯ ಮಸೀದಿಗಳಲ್ಲಿ ನಮಾಜಿನಲ್ಲಿದ್ದ ನೂರಕ್ಕೂ ಹೆಚ್ಚು ಮಂದಿಯ ಕಗ್ಗೊಲೆ, ಅದೇ ಅಕ್ಟೋಬರ್‌ನಲ್ಲಿ ಉತ್ತರ ಪ್ರಾಂತದ ಎಪ್ಪತ್ತು ಸಾವಿರದಷ್ಟು ಮುಸ್ಲಿಮರನ್ನು ಎಲ್‌ಟಿಟಿಇ ಹೊರಗಟ್ಟಿದ್ದು ಇವೆಲ್ಲ ಆ ಸುಂದರ ದ್ವೀಪದ ಚರಿತ್ರೆಯೇ. 2019ರ ಈಸ್ಟರ್ ಭಾನುವಾರ ಮುಸ್ಲಿಮ್ ಹೆಸರಿನ ಉಗ್ರರು ಚರ್ಚುಗಳಲ್ಲೂ ಹೋಟೆಲುಗಳಲ್ಲೂ 250ಕ್ಕೂ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಂಡರು. ಕೊರೋನಾ ಕಾಲದಲ್ಲಿ, 2021ರ ಫೆಬ್ರವರಿಯವರೆಗೆ, ಸತ್ತ ಮುಸ್ಲಿಮರ ಮಯ್ಯತ್ತನ್ನೂ ಬಲವಂತವಾಗಿ ಸುಡಲಾಯಿತು. 2024ರಲ್ಲಿ ಅಲ್ಲಿನ ಸರಕಾರ ಅದಕ್ಕಾಗಿ ಕ್ಷಮೆ ಕೇಳಿತು. ಟೂರಿಸ್ಟ್ ಕಂಪೆನಿಗಳ ಬಣ್ಣದ ಹಾಳೆಗಳಲ್ಲಿ ಇದಾವುದೂ ಇರುವುದಿಲ್ಲ. ತೆಂಗಿನ ಮರ, ಮರಳ ದಂಡೆ, ಆನೆಯ ಸ್ನಾನ ಇರುತ್ತವೆ. ಹೋಗುವವರು ಆತಿಥೇಯರ ಮನೆಯ ಸಾವುಗಳನ್ನೂ ತಿಳಿದು ಹೋದರೆ ಮಾತು ಆಡುವ ರೀತಿ ಬೇರೆಯಾಗುತ್ತದೆ ಎಂಬುದು ನಮ್ಮ ಅನಿಸಿಕೆ.

ನಲವತ್ತು ದಿನದ ಕಡಲ ಹಾದಿ ಈಗ ಹೈದರಾಬಾದಿನಿಂದ ವಿಮಾನದಲ್ಲಿ ಸುಮಾರು ಎರಡು ಗಂಟೆಯ ಹಾದಿ. ಕಡಲ ರುಚಿ ನೋಡಲೇಬೇಕು ಎನ್ನುವವರಿಗೆ ತಮಿಳುನಾಡಿನ ನಾಗಪಟ್ಟಿಣದಿಂದ ಜಾಫ್ನಾದ ಕಾಂಕೇಸನ್‌ತುರೈಗೆ 2023ರ ಅಕ್ಟೋಬರ್‌ನಲ್ಲಿ ಹಡಗು ಮತ್ತೆ ಶುರುವಾಯಿತು. ಮಳೆ, ಗಾಳಿಗೆ ಅದು ಆಗಾಗ ನಿಂತದ್ದೂ ಉಂಟು. ಹಾಗಾಗಿ ವಿಚಾರಿಸಿಯೇ ಹೊರಡಬೇಕು. ಬೆಟ್ಟ ಹತ್ತುವ ಕಾಲ ಡಿಸೆಂಬರ್ ಹುಣ್ಣಿಮೆಯಿಂದ ಮೇ ತಿಂಗಳ ವೈಶಾಖ ಹುಣ್ಣಿಮೆಯವರೆಗೆ. ನಡುರಾತ್ರಿ ಹೊರಟು ಸಾವಿರಾರು ಮೆಟ್ಟಿಲು ಹತ್ತಿ ಬೆಳಗಿನ ಸೂರ್ಯನನ್ನು ತುದಿಯಲ್ಲಿ ನೋಡುವುದು ಪದ್ಧತಿ. ಮೇಲೆ ಚಳಿ ಕೊರೆಯುತ್ತದೆ, ಕಂಬಳಿ ಬೇಕು. ಪಾದದ ಗುರುತಿನ ಮೇಲೆ ಈಗ ಗುಡಿಯಿದೆ, ನೋಡಿಕೊಳ್ಳುವವರು ಬೌದ್ಧ ಭಿಕ್ಷುಗಳು. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಅಲ್ಲಿ ಯಾರ ಪಾದ ಎಂದು ವಾದಕ್ಕಿಳಿಯುವುದು ಮಾಲ್ದೀವ್ಸ್‌ನ ಖಾಜಿಗಿರಿ.

ನಿಕಿತಿನ್ ಕೊನೆಗೆ ದಾಭೋಳದಲ್ಲಿ ಹೊರ್ಮುಜಿಗೆ ಎರಡು ಚಿನ್ನದ ನಾಣ್ಯ ಕೊಟ್ಟು ಹಡಗು ಹತ್ತಿದ. ಗಾಳಿ ಅದನ್ನು ಒಂದು ತಿಂಗಳು ಅಲೆದಾಡಿಸಿ ಇಥಿಯೋಪಿಯಾದ ಕರಾವಳಿಗೆ ಒಯ್ಯಿತು. ಅಲ್ಲಿನವರಿಗೆ ಅಕ್ಕಿ, ಮೆಣಸು, ರೊಟ್ಟಿ ಕೊಟ್ಟು ದೋಣಿ ಉಳಿಸಿಕೊಂಡು, ಮಸ್ಕತ್ ಮೂಲಕ ಹೊರ್ಮುಜ್ ಸೇರಿದರು. ಅವನು ತನ್ನ ಊರು ತ್ವೆರನ್ನು ಕಾಣಲಿಲ್ಲ, ಸ್ಮೊಲೆನ್‌ಸ್ಕ್ ಸೇರುವ ಮೊದಲೇ ತೀರಿಕೊಂಡ. ಅವನ ಕೈಬರಹದ ಪುಸ್ತಕಗಳನ್ನು 1475ರಲ್ಲಿ ವರ್ತಕರು ಮಾಸ್ಕೋಕ್ಕೆ ತಂದು, ಮಹಾರಾಜನ ಕಾರಕೂನ ವಸೀಲಿ ಮಮಿರೆವ್‌ಗೆ ಒಪ್ಪಿಸಿದರು. ಬೀದರಿನ ಬೆಲೆ, ಆಳಂದದ ಹಕ್ಕಿ, ಮೊಳದ ಲೆಕ್ಕದ ಆನೆಗಳ ಜೊತೆಗೆ ಕಲ್ಲಿಕೋಟೆಯಿಂದ ಸಿಂಹಳಕ್ಕೆ ಹದಿನೈದು ದಿನ ಎಂಬ ಲೆಕ್ಕವೂ ಅದರಲ್ಲಿತ್ತು.